ಕೊನೆಯ ಜೋಡಿ: ಖಾಸಬಾಗದ ಕಣದಿಂದ ಮಾರಿಯೋನ ಕೋಟೆಯವರೆಗೆ



ಈ ಸಲ ನಾವು ಬರೆಯಹೊರಟಿರುವುದು ವಿಡಿಯೋ ಗೇಮ್ ಬಗ್ಗೆ. ಹುಬ್ಬೇರಿಸಬೇಡಿ! ಇತಿಹಾಸ ಅಂದರೆ ರಾಜರು, ಯುದ್ಧಗಳು, ಒಪ್ಪಂದಗಳು ಅಷ್ಟೇ ಎಂದು ನಾವು ಮಕ್ಕಳಿಗೆ ಬಹಳ ವರ್ಷ ಹೇಳಿಕೊಟ್ಟಾಗಿದೆ. ಆದರೆ ಆಟಕ್ಕೂ ಒಂದು ಇತಿಹಾಸವಿದೆ, ಆಟ ನೋಡಿ ಕೂಗಿದವರಿಗೂ ಒಂದು ಇತಿಹಾಸವಿದೆ. ಮಧ್ಯಾಹ್ನದ ಸುಟ್ಟಿಯಲ್ಲಿ ನಮ್ಮ ಹುಡುಗರು ಬೇವಿನ ಗಿಡದ ಕೆಳಗೆ ಕೂತು ಮಾತಾಡುವುದನ್ನು ಕಿವಿಗೊಟ್ಟು ಕೇಳಿ. "ಆ ಲೆವೆಲ್ ಭಾಳ ಕಠಿಣ ಐತಿ", "ಬಾಸ್ ಮುಂದ ಹತ್ತ ಸಲ ಸತ್ತೆ", "ಅಂವಾ ಮೋಸದಿಂದ ಗೆದ್ದಾನ". ಇಂಥ ಮಾತುಗಳನ್ನು ಜಗತ್ತಿನ ಮಕ್ಕಳು, ದೊಡ್ಡವರು ನಲವತ್ತು ವರ್ಷಗಳಿಂದ ಆಡುತ್ತ ಬಂದಿದ್ದಾರೆ. ಆ ಮಾತುಗಳು ಆಟಗಳನ್ನೇ ಬದಲಿಸಿವೆ.

ಗೊತ್ತಿಲ್ಲದವರಿಗೆ ಎರಡು ಮಾತು. ಒಬ್ಬ ಪುಟ್ಟ ಮನುಷ್ಯ ಓಡುತ್ತ, ಗುಂಡಿ ಜಿಗಿಯುತ್ತ, ಕಟ್ಟೆಯಿಂದ ಕಟ್ಟೆಗೆ ಹಾರುತ್ತ ಹೋಗುವ ಆಟಕ್ಕೆ ಪ್ಲಾಟ್‌ಫಾರ್ಮ್ ಗೇಮ್ ಎನ್ನುತ್ತಾರೆ. ಒಂದೊಂದು ಹಂತಕ್ಕೆ ಲೆವೆಲ್ ಎಂದು ಹೆಸರು. ಹಂತದ ಕೊನೆಗೆ ದಾರಿ ಕಟ್ಟಿ ನಿಲ್ಲುವ ದೊಡ್ಡ ವೈರಿಗೆ ಬಾಸ್ ಎಂದು ಹೆಸರು. ಕೊಲ್ಲಾಪುರದ ಕಡೆಯವರಿಗೆ ಇದನ್ನು ಅರ್ಥ ಮಾಡಿಸುವುದು ಏನೇನೂ ಕಷ್ಟವಲ್ಲ. ನಮ್ಮ ಕುಸ್ತಿ ಮೈದಾನವೇ ಇದೆಯಲ್ಲ!

ಕಣದ ನ್ಯಾಯ

ರಾಜರ್ಷಿ ಶಾಹೂ ಮಹಾರಾಜರು 1902ರಲ್ಲಿ ಯುರೋಪಿಗೆ ಹೋದಾಗ ರೋಮಿನ ಕೊಲೋಸಿಯಂ ನೋಡಿದರೆಂದೂ ಅದರ ಪ್ರೇರಣೆಯಿಂದ ಕೊಲ್ಲಾಪುರದಲ್ಲಿ ಖಾಸಬಾಗ್ ಕುಸ್ತಿ ಮೈದಾನ ಕಟ್ಟಿಸಿದರೆಂದೂ ಎಲ್ಲರೂ ಹೇಳುತ್ತಾರೆ. ಅದು ಸಿದ್ಧವಾದದ್ದು 1912ರಲ್ಲಿ. ನಡುವೆ ಕೆಂಪು ಮಣ್ಣಿನ ಕಣ, ಸುತ್ತಲೂ ಬೋಗುಣಿಯ ಹಾಗೆ ಏರಿಹೋಗುವ ಆಸನಗಳು. ಎಲ್ಲಿ ಕೂತರೂ ಪಟ್ಟು ಕಾಣಬೇಕು, ಇದು ಆ ಕಟ್ಟಡದ ಮರ್ಮ.

ಮೈದಾನದ ಕ್ರಮ ನೋಡಿ. ಮೊದಲು ಚಿಕ್ಕ ಹುಡುಗರ ಜೋಡಿಗಳು, ಸಣ್ಣ ಬಹುಮಾನ. ಆಮೇಲೆ ಸ್ವಲ್ಪ ಬಲಿತವರು. ಹೊತ್ತು ಇಳಿದಂತೆ ಬಹುಮಾನವೂ ಏರುತ್ತದೆ, ಹಲಗಿಯ ಸಪ್ಪಳವೂ ಏರುತ್ತದೆ. ಎಲ್ಲಕ್ಕೂ ಕೊನೆಗೆ ಒಂದನೇ ನಂಬರಿನ ಕುಸ್ತಿ. ಹಂತ ಹಂತವಾಗಿ ಏರಿ ಕೊನೆಗೆ ದೊಡ್ಡವನನ್ನು ಎದುರಿಸುವ ಈ ರೂಢಿ ಜಪಾನಿನಿಂದ ಬಂದದ್ದಲ್ಲ. ನಮ್ಮ ಜಾತ್ರೆಗಳಲ್ಲಿ ಅಜ್ಜಂದಿರ ಕಾಲದಿಂದಲೂ ಇದೆ. 1959ರಲ್ಲಿ ಮೊದಲ ಹಿಂದ್ ಕೇಸರಿಯಾದ ಶ್ರೀಪತಿ ಖಂಚನಾಳೆಯವರು ಬೆಳಗಾವಿ ಜಿಲ್ಲೆಯ ಯಕ್ಸಂಬಾದವರು, ಕೊಲ್ಲಾಪುರದ ತಾಲೀಮಿನಲ್ಲಿ ಬೆಳೆದವರು. 2020ರ ಡಿಸೆಂಬರಿನಲ್ಲಿ ಅವರು ತೀರಿಕೊಂಡಾಗ ಗಡಿಯ ಎರಡೂ ಬದಿಯವರು "ನಮ್ಮವರು" ಎಂದರು. ಕಣಕ್ಕೆ ಗಡಿ ಎಲ್ಲಿದೆ?

ಈ ಮೈದಾನದ ಪ್ರೇಕ್ಷಕರಿಗೆ ಒಂದು ಗುಣವಿದೆ. ಸೋತವನನ್ನೂ ಅವರು ಹೊಗಳುತ್ತಾರೆ, ಸೋಲುವ ಮುನ್ನ ಅವನು ಹೋರಾಡಿದ್ದರೆ ಸಾಕು. ಆದರೆ ಇಬ್ಬರೂ ಮೊದಲೇ ಮಾತಾಡಿಕೊಂಡು ಆಡಿದ ಕುಸ್ತಿಯನ್ನು ಅವರು ಕ್ಷಮಿಸುವುದಿಲ್ಲ. ಅದಕ್ಕೆ ಈ ಭಾಗದಲ್ಲಿ 'ನುರಾ ಕುಸ್ತಿ' ಎನ್ನುತ್ತಾರೆ. ರಾಜಕಾರಣಿಗಳನ್ನು ಬೈಯುವಾಗಲೂ ಇದೇ ಮಾತು ಬಳಕೆಯಲ್ಲಿದೆ. ಎದುರಾಳಿ ಎಷ್ಟೇ ಬಲಶಾಲಿಯಾಗಲಿ, ಕುಸ್ತಿ ಖರೆ ಇರಬೇಕು. ಈ ಮಾತನ್ನು ನೆನಪಿಟ್ಟುಕೊಂಡು ವಿಡಿಯೋ ಗೇಮಿನ ಇತಿಹಾಸಕ್ಕೆ ಬರೋಣ.

ಮೇಲೆ ಗೊರಿಲ್ಲಾ, ಕೆಳಗೆ ಗಣಿತ

1981ರಲ್ಲಿ ಜಪಾನಿನ ನಿಂಟೆಂಡೊ ಕಂಪನಿ 'ಡಾಂಕಿ ಕಾಂಗ್' ಎಂಬ ಆಟ ತಂದಿತು. ರಚಿಸಿದವರು ಶಿಗೆರು ಮಿಯಾಮೊಟೊ. ತುದಿಯಲ್ಲಿ ಗೊರಿಲ್ಲಾ ನಿಂತು ಪೀಪಾಯಿ ಉರುಳಿಸುತ್ತದೆ, ಆಟಗಾರ ಅವುಗಳನ್ನು ಜಿಗಿಯುತ್ತ ಮೇಲೇರಬೇಕು. ಅಂಗಡಿಗಳಲ್ಲಿ ನಾಣ್ಯ ಹಾಕಿ ಆಡುವ ಯಂತ್ರ ಅದು. ಒಬ್ಬ ಆಡುವುದು, ಸುತ್ತ ಹತ್ತು ಜನ ನಿಂತು ನೋಡುವುದು. ಅಲ್ಲಿಯೂ ಒಂದು ಕಣ!

ಈ ಆಟದ 22ನೆಯ ಹಂತ ಯಾರಿಗೂ ದಾಟಲು ಬರುವುದಿಲ್ಲ. ಕಾರಣ ಗೊರಿಲ್ಲಾ ಅಲ್ಲ, ಲೆಕ್ಕ. ಎಷ್ಟು ಸಮಯ ಕೊಡಬೇಕೆಂದು ತಿಳಿಯಲು ಯಂತ್ರವು ಹಂತದ ಸಂಖ್ಯೆಗೆ 4 ಕೂಡಿಸಿ 10ರಿಂದ ಗುಣಿಸುತ್ತದೆ. 22ಕ್ಕೆ 4 ಕೂಡಿಸಿದರೆ 26, ಗುಣಿಸಿದರೆ 260. ಆದರೆ 8 ಬಿಟ್ಟಿನ ಖಾನೆಯಲ್ಲಿ 255ರವರೆಗಿನ ಸಂಖ್ಯೆ ಮಾತ್ರ ಹಿಡಿಸುತ್ತದೆ. ಅದು ತುಂಬಿದ ಮೇಲೆ ಎಣಿಕೆ ಮತ್ತೆ ಸೊನ್ನೆಯಿಂದ ಶುರು. 260ರಲ್ಲಿ 256 ಹೋಗಿ ಉಳಿಯುವುದು ಬರೀ 4. ಆಟಗಾರ ಏಣಿ ಹತ್ತುತ್ತಿರುವಾಗಲೇ ಸಮಯ ಮುಗಿದು ಸಾಯುತ್ತಾನೆ.

ಇದಕ್ಕೆ ಅಭಿಮಾನಿಗಳು ಏನಂದರು? ಬೈಯಲಿಲ್ಲ. ಅದಕ್ಕೆ 'ಕಿಲ್ ಸ್ಕ್ರೀನ್' ಎಂದು ಹೆಸರಿಟ್ಟರು, ಅಲ್ಲಿಗೆ ಮುಟ್ಟುವುದನ್ನೇ ಗೌರವವೆಂದು ಬಗೆದರು. ಈ ಆಟದ ದಾಖಲೆಗಾಗಿ ಇಬ್ಬರ ನಡುವೆ ನಡೆದ ಪೈಪೋಟಿಯ ಬಗ್ಗೆ 2007ರಲ್ಲಿ 'ದಿ ಕಿಂಗ್ ಆಫ್ ಕಾಂಗ್' ಎಂಬ ಸಾಕ್ಷ್ಯಚಿತ್ರವೇ ಬಂತು. ಯಂತ್ರ ಎಲ್ಲರಿಗೂ ಒಂದೇ ರೀತಿ ತಪ್ಪುತ್ತದೆ, ಆದ್ದರಿಂದ ಆ ತಪ್ಪೂ ಆಟದ ನಿಯಮದಂತೆಯೇ ಆಗಿಹೋಯಿತು.

ಮೊದಲ ಹಂತವೇ ಮೊದಲ ಗುರು

1985ರ ಸೆಪ್ಟೆಂಬರ್ 13ರಂದು 'ಸೂಪರ್ ಮಾರಿಯೋ ಬ್ರದರ್ಸ್' ಬಂತು. 8 ಲೋಕಗಳು, ಪ್ರತಿ ಲೋಕದಲ್ಲಿ 4 ಹಂತ, ಒಟ್ಟು 32. ಪ್ರತಿ ಲೋಕದ ನಾಲ್ಕನೆಯ ಹಂತ ಒಂದು ಕೋಟೆ, ಅದರ ಕೊನೆಗೆ ಬೆಂಕಿ ಉಗುಳುವ ಬೌಸರ್.

ಈ ಆಟದ ಮೊದಲ ಹಂತವನ್ನು ಶಿಕ್ಷಕರಾದ ನಾವೆಲ್ಲ ಒಮ್ಮೆ ನೋಡಬೇಕು. ಅಲ್ಲಿ ಒಂದು ಅಕ್ಷರದ ಸೂಚನೆಯೂ ಇಲ್ಲ. ಮಾರಿಯೋ ಪರದೆಯ ಎಡಕ್ಕೆ ನಿಂತಿದ್ದಾನೆ, ಬಲಕ್ಕೆ ಖಾಲಿ ಜಾಗ. ಮಗು ತಾನಾಗಿಯೇ ಬಲಕ್ಕೆ ಹೋಗುತ್ತದೆ. ಎದುರಿಗೆ ಒಂದು ಸಣ್ಣ ಪ್ರಾಣಿ ನಡೆದು ಬರುತ್ತದೆ. ಮುಟ್ಟಿದರೆ ಸಾವು, ಮೇಲೆ ಜಿಗಿದರೆ ಅದು ಸಾಯುತ್ತದೆ. ಆಟ ಶುರುವಾಗಿ ಕೆಲವೇ ಕ್ಷಣ ಆಗಿರುವುದರಿಂದ ಸತ್ತರೂ ನಷ್ಟವಿಲ್ಲ. ಮುಂದೆ ಎರಡು ಮೆಟ್ಟಿಲ ಸಾಲುಗಳು ಎದುರುಬದುರು ಬರುತ್ತವೆ, ನಡುವೆ ಗಟ್ಟಿ ನೆಲ. ಜಿಗಿತ ತಪ್ಪಿದರೂ ಜೀವ ಹೋಗುವುದಿಲ್ಲ. ಅದರ ನಂತರ ಅಂಥದ್ದೇ ಇನ್ನೊಂದು ಜೋಡಿ ಮೆಟ್ಟಿಲು, ಆದರೆ ಈಗ ನಡುವೆ ಗುಂಡಿ! ಮೊದಲು ಅಭ್ಯಾಸ, ಆಮೇಲೆ ಪರೀಕ್ಷೆ. ಡಿ.ಎಡ್. ತರಗತಿಯಲ್ಲಿ ನಮಗೆ ಹೇಳಿಕೊಟ್ಟ ಪಾಠವನ್ನು ಆ ಆಟ ಮಾತಿಲ್ಲದೆ ಮಾಡಿ ತೋರಿಸುತ್ತದೆ.

ಮುಂದಿನ ವರ್ಷ, 1986ರಲ್ಲಿ, ಜಪಾನಿನಲ್ಲಿ ಇದರ ಎರಡನೆಯ ಭಾಗ ಬಂತು. ತಿಂದರೆ ಸಾಯುವ ವಿಷದ ಅಣಬೆ, ಜಿಗಿತವನ್ನೇ ಕೆಡಿಸುವ ಗಾಳಿ, ಮುಂದಕ್ಕೆ ಒಯ್ಯುವ ಬದಲು ಹಿಂದಿನ ಲೋಕಕ್ಕೆ ಎಸೆಯುವ ಗುಪ್ತದಾರಿ ಎಲ್ಲ ಅದರಲ್ಲಿದ್ದವು. ಅಮೆರಿಕದ ನಿಂಟೆಂಡೊದವರು ಅದನ್ನು ಆಡಿ ನೋಡಿ, ಇದು ನಮ್ಮ ಮಕ್ಕಳಿಗೆ ಬೇಡ, ಆಟದ ಮೇಲೆ ಸಿಟ್ಟು ಬಂದೀತು ಎಂದುಬಿಟ್ಟರು. ಅವರು 1988ರಲ್ಲಿ ಬೇರೊಂದು ಆಟಕ್ಕೆ ಮಾರಿಯೋನ ವೇಷ ಹಾಕಿ ಅದನ್ನೇ ಎರಡನೆಯ ಭಾಗವೆಂದು ಮಾರಿದರು. ಮೂಲದ ಕಠಿಣ ಆಟ ಅಲ್ಲಿಗೆ ಮುಟ್ಟಿದ್ದು 1993ರಲ್ಲಿ, 'ದಿ ಲಾಸ್ಟ್ ಲೆವೆಲ್ಸ್' ಎಂಬ ಹೆಸರಿನಲ್ಲಿ. ಎರಡೂ ಆಟ ಕಠಿಣವೇ. ಆದರೆ ಮೊದಲನೆಯದು ಕಲಿಸಿ ಪರೀಕ್ಷಿಸಿತು, ಎರಡನೆಯದು ಕಲಿತದ್ದನ್ನೇ ಬಲೆಯಾಗಿ ಮಾಡಿತು.

ನಮ್ಮೂರಿಗೆ ಬಂದ ಮಾರಿಯೋ

1990ರ ದಶಕದಲ್ಲಿ ಈ ಆಟಗಳು ನಮ್ಮ ಕಡೆಯ ಮನೆಗಳಿಗೂ ಬಂದವು. ಅಸಲಿ ಯಂತ್ರವಲ್ಲ, ಅದರ ನಕಲು. ಟಿವಿಗೆ ಜೋಡಿಸುವ ಡಬ್ಬಿ, ಮೇಲೆ ಸಿಕ್ಕಿಸುವ ಹಳದಿ ಕ್ಯಾಸೆಟ್ಟು. ಚೀಟಿಯ ಮೇಲೆ 9999 ಆಟಗಳೆಂದು ಬರೆದಿರುತ್ತಿತ್ತು. ಒಳಗೆ ಹತ್ತಿಪ್ಪತ್ತೇ ಆಟ, ಉಳಿದವೆಲ್ಲ ಅವೇ, ಬೇರೆ ಬೇರೆ ಹಂತದಿಂದ ಶುರುವಾಗುವಂಥವು. ಇಚಲಕರಂಜಿಯಲ್ಲಿ 1904ರಿಂದ ಯಂತ್ರಮಗ್ಗ ಓಡುತ್ತಿವೆ. ನೇಕಾರಿಕೆಗೆಂದು ನಮ್ಮ ಕನ್ನಡದ ಮಂದಿ ಅಲ್ಲಿಗೆ ಹೋಗಿ ನೆಲೆಸಿದ್ದಾರೆ. ಓಣಿಯಲ್ಲಿ ಒಂದು ಮನೆಗೆ ಈ ಡಬ್ಬಿ ಬಂದರೆ ಸಾಕು, ಇಡೀ ಓಣಿಯ ಹುಡುಗರು ಅಲ್ಲಿ. ಒಬ್ಬನ ಜೀವ ಹೋದರೆ ಕಂಟ್ರೋಲು ಇನ್ನೊಬ್ಬನ ಕೈಗೆ. ಖಾಸಬಾಗದ ಹಾಗೆಯೇ ಆಡುವವ ಒಬ್ಬ, ಬುದ್ಧಿ ಹೇಳುವವರು ಹತ್ತು ಮಂದಿ!

ಆ ಆಟದಲ್ಲಿ ಉಳಿಸಿಕೊಳ್ಳುವ ಸೌಲಭ್ಯ ಇರಲಿಲ್ಲ. ಡಬ್ಬಿ ಬಂದಾದರೆ ಮತ್ತೆ ಮೊದಲಿನಿಂದ. 2005ರ ಸುಮಾರಿಗೆ ಮಹಾರಾಷ್ಟ್ರದಲ್ಲಿ ಲೋಡ್ ಶೆಡ್ಡಿಂಗ್ ಹೇಗಿತ್ತೆಂಬುದು ಮಗ್ಗದವರಿಗೆ ಚೆನ್ನಾಗಿ ನೆನಪಿದೆ. ಏಳನೆಯ ಲೋಕದವರೆಗೆ ಬಂದ ಹುಡುಗನಿಗೆ ಬೌಸರಿಗಿಂತ ದೊಡ್ಡ ವೈರಿ ಎಂದರೆ ಕರೆಂಟು.

ಇನ್ನೊಂದು ಸಂಗತಿ ನಮ್ಮಂಥ ಕನ್ನಡ ಶಾಲೆಯವರಿಗೆ ಮುಖ್ಯ. ಮೊದಲ ಏಳು ಕೋಟೆಗಳಲ್ಲಿ ಬೌಸರನನ್ನು ಗೆದ್ದರೂ ರಾಜಕುಮಾರಿ ಸಿಗುವುದಿಲ್ಲ. ಒಬ್ಬ ಸೇವಕ ಸಿಗುತ್ತಾನೆ. ಧನ್ಯವಾದ, ಆದರೆ ರಾಜಕುಮಾರಿ ಬೇರೆ ಕೋಟೆಯಲ್ಲಿದ್ದಾಳೆ ಎಂದು ಪರದೆಯ ಮೇಲೆ ಇಂಗ್ಲಿಷಿನಲ್ಲಿ ಬರುತ್ತದೆ. ಗಡಹಿಂಗ್ಲಜದ ಕಡೆ, ಕನ್ನಡ ಮರಾಠಿ ಎರಡೂ ಒಂದೇ ಬಾಯಲ್ಲಿ ಬರುವ ಮನೆಗಳಲ್ಲಿ, ನಾಲ್ಕನೆಯ ಇಯತ್ತೆಯ ಮಗುವಿಗೆ ಆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಆದರೂ ತಿಳಿಯುತ್ತಿತ್ತು. "ಇಲ್ಲಿಲ್ಲ ಅಂತ, ಮುಂದ ಹೋಗಬೇಕಂತ." ಆಟದ ಕಟ್ಟಡವೇ ಅರ್ಥ ಹೇಳುವಷ್ಟು ಚೆನ್ನಾಗಿತ್ತು. ಗೊತ್ತಿಲ್ಲದ ಭಾಷೆಯೂ ಅವರನ್ನು ತಡೆಯಲಿಲ್ಲ.

ಅದೇ ಕ್ಯಾಸೆಟ್ಟುಗಳಲ್ಲಿ 'ಕಾಂಟ್ರಾ' ಎಂಬ ಬಂದೂಕಿನ ಆಟವೂ ಇತ್ತು. ಮೂಲ ಆಟದಲ್ಲಿ ಮೂರೇ ಜೀವ. ಆದರೆ ಮೇಲೆ ಮೇಲೆ, ಕೆಳಗೆ ಕೆಳಗೆ, ಎಡ ಬಲ, ಎಡ ಬಲ, ಆಮೇಲೆ ಬಿ, ಎ ಒತ್ತಿದರೆ ಮೂವತ್ತು ಜೀವ! ಈ ಗುಟ್ಟಿನ ಹುಟ್ಟು ಸ್ವಾರಸ್ಯವಾಗಿದೆ. ಕೊನಾಮಿ ಕಂಪನಿಯ ಕಝುಹಿಸಾ ಹಶಿಮೊಟೊ 'ಗ್ರಾಡಿಯಸ್' ಆಟದ 1986ರ ಮನೆ ಆವೃತ್ತಿ ತಯಾರಿಸುವಾಗ, ಪರೀಕ್ಷೆಗೆಂದು ಆಡಿದರೆ ಅವರಿಗೇ ಅದು ದಾಟಲಿಲ್ಲ. ತಮ್ಮ ಅನುಕೂಲಕ್ಕೆಂದು ಈ ಗುಪ್ತ ಕ್ರಮ ಇಟ್ಟರು. ಅದು ಜಗತ್ತಿನ ಮಕ್ಕಳೆಲ್ಲರ ಬಾಯಿಪಾಠವಾಯಿತು. 2020ರಲ್ಲಿ ಅವರು ತೀರಿಕೊಂಡಾಗ ಎಷ್ಟೋ ಮಂದಿ ಅಭಿಮಾನಿಗಳು ಅದೇ ಕ್ರಮವನ್ನು ಬರೆದು ನಮಸ್ಕಾರ ಸಲ್ಲಿಸಿದರು.

ಬಾಸನ್ನು ಬರೆದ ಮಕ್ಕಳು

1987ರಲ್ಲಿ ಜಪಾನಿನ ಕ್ಯಾಪ್ಕಾಮ್ ಕಂಪನಿ 'ರಾಕ್‌ಮ್ಯಾನ್' ಎಂಬ ಆಟ ತಂದಿತು. ಹೊರದೇಶಗಳಲ್ಲಿ ಅದರ ಹೆಸರು 'ಮೆಗಾ ಮ್ಯಾನ್'. ಇದರಲ್ಲಿ ಯಾವ ಬಾಸನ್ನು ಮೊದಲು ಎದುರಿಸಬೇಕೆಂದು ಆಟಗಾರನೇ ಆರಿಸಬಹುದು. ಒಬ್ಬನನ್ನು ಗೆದ್ದರೆ ಅವನ ಆಯುಧ ನಮಗೆ, ಅದು ಇನ್ನೊಬ್ಬನ ಮೇಲೆ ಚೆನ್ನಾಗಿ ನಡೆಯುತ್ತದೆ. ಕಲ್ಲು, ಕಾಗದ, ಕತ್ತರಿಯ ಆಟದ ತತ್ವವೇ ಇದು. ಎರಡನೆಯ ಭಾಗಕ್ಕೆ ಕಂಪನಿಯವರು, ಬಾಸ್ ಹೇಗಿರಬೇಕು, ನೀವೇ ಚಿತ್ರ ಬರೆದು ಕಳಿಸಿ ಎಂದು ಆಟಗಾರರನ್ನೇ ಕೇಳಿದರು. 8 ಸಾವಿರಕ್ಕೂ ಹೆಚ್ಚು ಕಲ್ಪನೆಗಳು ಬಂದವು! 1988ರಲ್ಲಿ ಬಂದ ಆ ಆಟದ ಎಂಟು ಬಾಸುಗಳು ಅವುಗಳಿಂದ ಹುಟ್ಟಿದವು.

ಆ ಎಂಟರಲ್ಲಿ ಏರ್ ಮ್ಯಾನ್ ಎಂಬ ಗಾಳಿಯ ಬಾಸ್ ಒಬ್ಬ. ಆಟ ಬಂದು ಸುಮಾರು ಇಪ್ಪತ್ತು ವರ್ಷದ ಮೇಲೆ, 2007ರಲ್ಲಿ, ಜಪಾನಿನ ಅಭಿಮಾನಿಗಳು ಅವನ ಮೇಲೆ ಒಂದು ಹಾಡು ಕಟ್ಟಿದರು. ಎಷ್ಟು ಸಲ ಆಡಿದರೂ ಅವನನ್ನು ಸೋಲಿಸಲಾಗುತ್ತಿಲ್ಲ ಎಂಬುದೇ ಅದರ ಅಳಲು. ಹಾಡು ಅಲ್ಲಿ ಮನೆಮಾತಾಯಿತು. ಸೋಲಿಸಿದವನ ಮೇಲೆ ಹಾಡು ಕಟ್ಟುವುದೆಂದರೇನು? ಅದು ದ್ವೇಷವಲ್ಲ. ನಮ್ಮಲ್ಲಿ ಲಾವಣಿಕಾರರು ಪೈಲ್ವಾನನ ಎದುರಾಳಿಯನ್ನೂ ಹಾಡಿ ಹೊಗಳುತ್ತಿದ್ದರಲ್ಲ, ಅದೇ ಪ್ರೀತಿ.

ನುರಾ ಕುಸ್ತಿ ಬಯಲಾದಾಗ

ಇನ್ನು ಇತ್ತೀಚಿನ ಕಥೆ. 2015ರ ಸೆಪ್ಟೆಂಬರಿನಲ್ಲಿ 'ಸೂಪರ್ ಮಾರಿಯೋ ಮೇಕರ್' ಬಂತು. ಇದರಲ್ಲಿ ಆಟಗಾರರೇ ಹಂತ ಕಟ್ಟಿ ಎಲ್ಲರೊಡನೆ ಹಂಚಿಕೊಳ್ಳಬಹುದಿತ್ತು. ಒಂದೇ ಒಂದು ಷರತ್ತು: ಹಂತ ಕಟ್ಟಿದವನು ಅದನ್ನು ತಾನು ದಾಟಿ ತೋರಿಸಬೇಕು, ಆಮೇಲೆಯೇ ಹಂಚಿಕೊಳ್ಳಲು ಅನುಮತಿ. ತಾನು ಬಿಡಿಸಲಾರದ ಲೆಕ್ಕವನ್ನು ಗುರುಗಳು ಹಲಗೆಯ ಮೇಲೆ ಬರೆಯಬಾರದು ಎಂದಂತೆ!

2024ರ ಏಪ್ರಿಲ್ 8ರಂದು ಆ ಸೇವೆ ಬಂದಾಗುವುದೆಂದು ಪ್ರಕಟವಾಯಿತು. ಯಾರೂ ದಾಟದ ಹಂತಗಳನ್ನು ಹುಡುಕಿ ಹುಡುಕಿ ದಾಟುತ್ತಿದ್ದ ಅಭಿಮಾನಿಗಳ ಗುಂಪೊಂದಿತ್ತು. ಬಂದಾಗುವ ಮೊದಲು ಒಂದೂ ಉಳಿಯಬಾರದು ಎಂದು ಅವರು ಪಣ ತೊಟ್ಟರು. ಮಾರ್ಚ್ ತಿಂಗಳಲ್ಲಿ ಉಳಿದದ್ದು ಒಂದೇ. ಹೆಸರು 'ಟ್ರಿಮ್ಮಿಂಗ್ ದಿ ಹರ್ಬ್ಸ್', 2017ರಲ್ಲಿ ಹಾಕಿದ್ದು. ಕೆಲವೇ ಸೆಕೆಂಡುಗಳ ಹಂತ, ಆದರೆ ಒಂದೊಂದು ಜಿಗಿತವೂ ಕೂದಲೆಳೆಯಷ್ಟು ಕರಾರುವಾಕ್ಕಾಗಿರಬೇಕು. ಜಗತ್ತಿನ ನುರಿತ ಆಟಗಾರರು ದಿನಗಟ್ಟಲೆ ಆಡಿದರೂ ಅದು ಬಗ್ಗಲಿಲ್ಲ.

ಆಗ ಅದನ್ನು ಕಟ್ಟಿದವನು ನಿಜ ಹೇಳಿದ: ಅದನ್ನು ತಾನು ಕೈಯಿಂದ ದಾಟಿಯೇ ಇರಲಿಲ್ಲ, ಯಂತ್ರದ ಸಹಾಯದಿಂದ ದಾಟಿದಂತೆ ಮಾಡಿದ್ದ. ನುರಾ ಕುಸ್ತಿ! ಅಭಿಮಾನಿಗಳಲ್ಲಿ ಸಿಟ್ಟು, ನಗು, ನಿಟ್ಟುಸಿರು ಎಲ್ಲ ಒಟ್ಟಿಗೆ. ನಿಯಮದಂತೆ ಹಾಕಿದ ಹಂತವಲ್ಲವಾದ್ದರಿಂದ ಇದು ಲೆಕ್ಕಕ್ಕಿಲ್ಲ, ನಮ್ಮ ಪಣ ಆಗಲೇ ಪೂರೈಸಿದೆ ಎಂದು ಗುಂಪು ಸಾರಿತು. ಇತಿಹಾಸ ಅಲ್ಲಿಗೇ ನಿಲ್ಲಬಹುದಿತ್ತು. ನಿಲ್ಲಲಿಲ್ಲ. ಏಪ್ರಿಲ್ 5ರಂದು, ಸೇವೆ ಬಂದಾಗಲು ಮೂರು ದಿನ ಇರುವಾಗ, ಒಬ್ಬ ಆಟಗಾರ ಅದೇ ಹಂತವನ್ನು ತನ್ನ ಎರಡು ಕೈಗಳಿಂದ ದಾಟಿಯೇಬಿಟ್ಟ. ಲೆಕ್ಕಕ್ಕಿಲ್ಲದ ಕುಸ್ತಿಯನ್ನೂ ಖರೆ ಮಾಡಿದ!

ಭಾಷೆಯೂ ಒಂದು ಹಂತ

2025ರ ಸೆಪ್ಟೆಂಬರ್ 4ರಂದು ಆಸ್ಟ್ರೇಲಿಯಾದ ಟೀಮ್ ಚೆರಿ ಎಂಬ ಪುಟ್ಟ ತಂಡದ 'ಸಿಲ್ಕ್‌ಸಾಂಗ್' ಆಟ ಬಂತು. ಜನ ವರ್ಷಗಟ್ಟಲೆ ಕಾದಿದ್ದ ಆಟ. ಬಂದ ವಾರದಲ್ಲೇ ಎರಡು ಪಕ್ಷ. ಆರಂಭದ ಬಾಸುಗಳೇ ಇಷ್ಟು ಕಠಿಣವಾದರೆ ಹೇಗೆ ಎನ್ನುವವರು ಕೆಲವರು, ಒಂದು ಚೂರೂ ಬದಲಿಸಬೇಡಿ ಎನ್ನುವವರು ಕೆಲವರು. ತಂಡದವರು ಆರಂಭದ ಎರಡು ಬಾಸುಗಳನ್ನು ಮಾತ್ರ ತುಸು ಸಡಿಲಗೊಳಿಸಿದರು. ಮುಂದಿನ ದೊಡ್ಡ ಬಾಸುಗಳನ್ನು ಹಾಗೆಯೇ ಬಿಟ್ಟರು. ಒಂದನೇ ನಂಬರಿನ ಪೈಲ್ವಾನನನ್ನು ಎರಡನೆಯ ಜೋಡಿಯಲ್ಲೇ ಇಳಿಸಬಾರದು, ಅಷ್ಟೇ.

ಅದೇ ಆಟಕ್ಕೆ ಚೀನಾದಲ್ಲಿ ಬೇರೆಯೇ ಸಿಟ್ಟು. ಚೀನೀ ಅನುವಾದ ಹಳಗಾಲದ ಗ್ರಂಥದಂತಿದೆ, ನಾವು ಆಡುವ ಮಾತಿನಲ್ಲಿಲ್ಲ ಎಂದು ಅಲ್ಲಿನ ಆಟಗಾರರು ಸಾಲುಸಾಲಾಗಿ ದೂರಿದರು. ತಂಡದವರು ಅನುವಾದ ಸುಧಾರಿಸುವುದಾಗಿ ಹೇಳಬೇಕಾಯಿತು. ಗಮನಿಸಿ ಮಿತ್ರರೆ, ಬಾಸ್ ಕಠಿಣನಾದರೆ ಹತ್ತು ಸಲ ಸಾಯಲು ತಯಾರಿದ್ದ ಜನ, ಭಾಷೆ ಅಡ್ಡಬಂದಾಗ ಸಹಿಸಲಿಲ್ಲ. ಬಾಸ್ ಎದುರಿನ ಸೋಲು ಆಟದ ಭಾಗ. ಅರ್ಥವಾಗದೆ ಸೋಲುವುದು ಆಟವೇ ಅಲ್ಲ.

ಇಲ್ಲಿ ನಮ್ಮ ಮಕ್ಕಳ ನೆನಪಾಗದೆ ಇರುತ್ತದೆಯೇ? ಮಹಾರಾಷ್ಟ್ರದ ಕನ್ನಡ ಮಾಧ್ಯಮದ ಮಗು ಒಂದರಿಂದ ಹತ್ತರವರೆಗೆ ಬಾಲಭಾರತಿಯ ಕನ್ನಡ ಪುಸ್ತಕ ಓದಿ ಹಂತ ಹಂತವಾಗಿ ಏರುತ್ತದೆ. ಹನ್ನೊಂದನೆಯದಕ್ಕೆ ಹೋದೊಡನೆ ಬಹಳಷ್ಟು ಮಕ್ಕಳಿಗೆ ಎಲ್ಲವೂ ಮರಾಠಿ ಅಥವಾ ಇಂಗ್ಲಿಷ್. ವಿಷಯ ಗೊತ್ತಿರುತ್ತದೆ, ಶಬ್ದ ಗೊತ್ತಿರುವುದಿಲ್ಲ. ಗಟ್ಟಿ ನೆಲದ ಮೇಲಿನ ಅಭ್ಯಾಸದ ಮೆಟ್ಟಿಲು ಇಲ್ಲದೆ ನೇರವಾಗಿ ಗುಂಡಿ! ಅಲ್ಲಿ ಎಡವಿದ ಮಗುವಿಗೆ ನಾವು ದಡ್ಡ ಎನ್ನುತ್ತೇವೆ. ತಪ್ಪು ಜಿಗಿದವನದೋ, ಹಂತ ಕಟ್ಟಿದವರದೋ?

ಆ ವ್ಯವಸ್ಥೆಯನ್ನು ಬದಲಿಸುವುದು ನಮ್ಮೊಬ್ಬರ ಕೈಯಲ್ಲಿಲ್ಲ ನಿಜ. ಆದರೆ ಒಂಬತ್ತು, ಹತ್ತನೆಯ ತರಗತಿಯಲ್ಲಿಯೇ ಗಣಿತ, ವಿಜ್ಞಾನದ ಪಾರಿಭಾಷಿಕ ಶಬ್ದಗಳನ್ನು ಕನ್ನಡದ ಪಕ್ಕದಲ್ಲಿ ಮರಾಠಿ, ಇಂಗ್ಲಿಷಿನಲ್ಲಿಯೂ ಬರೆಯಿಸಬಹುದು. ದಿನಕ್ಕೆ ಐದು ಶಬ್ದ ಸಾಕು. ತಪ್ಪಿದರೆ ಅಂಕ ಕಳೆಯಬಾರದು. ಅದೇ ಗುಂಡಿಯಿಲ್ಲದ ಮೆಟ್ಟಿಲು.

ಇನ್ನೊಂದು ಚಟುವಟಿಕೆ. 1985ರ ಮಾರಿಯೋನ ಹಂತಗಳನ್ನು ಕಂಪ್ಯೂಟರಿನಲ್ಲಿ ಅಲ್ಲ, ಗ್ರಾಫ್ ಹಾಳೆಯ ಮೇಲೆ ಕೈಯಿಂದ ಬರೆದಿದ್ದರು. ನಮ್ಮ ಮಕ್ಕಳ ಹತ್ತಿರ ಚೌಕಳಿ ವಹಿ ಇದ್ದೇ ಇದೆ. ಒಂದು ಹಂತ ಬರೆಯಲಿ, ಕೊನೆಗೆ ಒಂದು ಬಾಸ್ ಇಡಲಿ. ಪಕ್ಕದಲ್ಲಿ ಕನ್ನಡದಲ್ಲಿ ನಾಲ್ಕು ಸಾಲು: ಇಲ್ಲಿ ಆಟಗಾರ ಏಕೆ ಸೋಲುತ್ತಾನೆ, ಎರಡನೆಯ ಸಲ ಅವನಿಗೆ ಏನು ತಿಳಿದಿರುತ್ತದೆ. ವಹಿಯನ್ನು ಗೆಳೆಯನಿಗೆ ಕೊಡಲಿ, ಅವನು ಪೆನ್ಸಿಲಿನಿಂದ ದಾರಿ ತೋರಿಸಲಿ. ಷರತ್ತು ಒಂದೇ, ಮೊದಲು ಬರೆದವನು ತಾನು ದಾಟಿ ತೋರಿಸಬೇಕು.

ನಿಮ್ಮ ಶಾಲೆಯಲ್ಲಿ ಮಾಡಿಸಿ ನೋಡಿ. ಲೆವೆಲ್, ಬಾಸ್, ಲೈಫ್ ಇವಕ್ಕೆಲ್ಲ ನಿಮ್ಮ ಊರಿನ ಮಕ್ಕಳು ಯಾವ ಕನ್ನಡ ಶಬ್ದ ಕೊಡುತ್ತಾರೆಂದು ನಮಗೂ ಬರೆದು ತಿಳಿಸಿರಿ. ಕೇಳಲು ಕಾದಿದ್ದೇವೆ.